ಹಡಗಿನ ಸೆಟ್, ಸೊಪ್ಪಿನ ಸೆಟ್

ಒಬ್ಬರಿಗೆ ಒಂದು ಮಾತು ಹೇಳು ಎಂದು ನನ್ನ ತಂಗಿ ನನ್ನನ್ನು ಕೇಳಿದ್ದಳು. ನಾನು ಹೇಳಲಿಲ್ಲ. ಹೇಳುವುದಕ್ಕೆ ಸಮಯವಿತ್ತು. ಹೇಳಬೇಕಾದವರು ನನ್ನ ಎದುರಿಗೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಾನು ತರಿಸಿದ ಟೀ ಕುಡಿಯುತ್ತಿದ್ದರು. ಮಾತು ನಾಲಿಗೆಯವರೆಗೂ ಬಂದಿತ್ತು. ಆದರೂ ಹೇಳಲಿಲ್ಲ. ಸಾಲದು ಎಂಬಂತೆ, ಅವಳು ಯಾವುದು ಬೇಡ ಅಂದಿದ್ದಳೋ ಅದನ್ನೇ ಕವರಿಗೆ ತುಂಬಿ, ಗಂಟು ಹಾಕಿ ಕಳಿಸಿದೆ.

ಆಮೇಲಿಂದ ನನಗೆ ಮಿಷನ್ನಿನ ಮುಂದೆ ಕೂರಲು ಆಗುತ್ತಿಲ್ಲ. ದಾರ ಪೋಣಿಸುತ್ತೇನೆ, ಪೆಡಲಿನ ಮೇಲೆ ಕಾಲಿಡುತ್ತೇನೆ, ಎದ್ದು ಹೋಗಿ ಕಿಟಕಿಯಲ್ಲಿ ಮೆಟ್ರೋ ಹೋಗುವುದನ್ನು ನೋಡುತ್ತೇನೆ. ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು ಕೆಳಗಿನ ಬೇಕರಿಗೆ ಇಳಿದುಬಿಡುತ್ತೇನೆ. ಮೆಟ್ಟಿಲ ಮೇಲೆ ನೆನಪಾಗಿ ವಾಪಸ್ ಓಡುತ್ತೇನೆ. "ಏನ್ ಆಂಟಿ, ವಾಕಿಂಗ್ ಶುರು ಮಾಡಿದ್ರಾ?" ಎಂದು ಬೇಕರಿಯವನು ಕೇಳುತ್ತಾನೆ. ಬರೆದರೆ ಒಂದು ಕಡೆ ಕೂತಂತಾದರೂ ಆದೀತು ಎಂದು ಬರೆಯುತ್ತಿದ್ದೇನೆ.

ಹೊಸಹಳ್ಳಿಯಲ್ಲಿ, ಆ ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಅಂಗಡಿ. ಶಾಲೆಗಳ ವಾರ್ಷಿಕೋತ್ಸವಕ್ಕೆ ವೇಷದ ಬಟ್ಟೆ ಬಾಡಿಗೆಗೆ ಕೊಡುತ್ತೇವೆ. ಅಪ್ಪ ಶುರು ಮಾಡಿದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಮಿಷನ್ನಿನ ಪಕ್ಕ ಕೂತವಳು ನಾನು. ಅಪ್ಪ ಹೋದ ಮೇಲೆ ಅವನ ಸ್ಟೂಲಿಗೆ ಜರುಗಿದೆ, ಅಷ್ಟೇ.

ನಮ್ಮಲ್ಲಿ ಬಟ್ಟೆಗೆ ಹೆಸರಿಲ್ಲ, ಸೆಟ್ಟಿಗೆ ಹೆಸರು. ಕೃಷ್ಣನ ಸೆಟ್, ತರಕಾರಿ ಸೆಟ್, ಭಾರತಮಾತೆ ಸೆಟ್. ಹಡಗಿನ ಸೆಟ್ ಎಂದರೆ ಕೆಂಪು ವೆಲ್ವೆಟ್ ಕೋಟು, ಗರಿ ಸಿಕ್ಕಿಸಿದ ಟೋಪಿ, ಥರ್ಮಾಕೋಲ್ ಕತ್ತಿ, ಕೋಲಿಗೆ ಕಟ್ಟಿದ ಬಾವುಟ, ಹಡಗಿನ ಆಳುಗಳಿಗೆ ಪಟ್ಟೆ ಬನಿಯನ್. ಜೊತೆಗೆ ಒಂದು ಡಬ್ಬಿ. ಅದರಲ್ಲಿ ಕನ್ನಡಿ, ಗಾಜಿನ ಮಣಿ, ಗೆಜ್ಜೆ. ಹಡಗಿನಿಂದ ಇಳಿದ ಸಾಹೇಬ ಅದನ್ನೆಲ್ಲ ದಡದ ಮೇಲಿನ ಕಾಡುಜನರಿಗೆ ಕೊಡಬೇಕು. ಕಾಡುಜನರದ್ದು ಸೊಪ್ಪಿನ ಸೆಟ್. ಗೋಣಿಯ ಮೇಲೆ ಹಸಿರು ಪ್ಲಾಸ್ಟಿಕ್ ಎಲೆ ಹೊಲಿದ ಲಂಗ, ಕೋಳಿಪುಕ್ಕದ ತಲೆಪಟ್ಟಿ, ಮೂಳೆಯ ಹಾಗೆ ಕತ್ತರಿಸಿದ ಸರ, ಒಂದು ಡಬ್ಬಿ ಕಪ್ಪು ಬಣ್ಣ.

ಹಡಗಿನವನ ಕೋಟನ್ನು ಬ್ರಿಟಿಷ್ ಅಧಿಕಾರಿಗೆ ಹಾಕುವ ಹಾಗಿಲ್ಲ. ಮೈಸೂರಿನ ದಿವಾನರಿಗೆ ಇಬ್ಬರದೂ ಆಗುವುದಿಲ್ಲ. ಅವರವರಿಗೆ ಬೇರೆ ಬೇರೆಯೇ ಆಗಬೇಕು, ಮಿಸ್ಸುಗಳು ಗುಂಡಿ ಕೂಡ ನೋಡುತ್ತಾರೆ. ಸೊಪ್ಪಿನ ಸೆಟ್ಟಿಗೆ ಆ ತಾಪತ್ರಯ ಇಲ್ಲ. ಪುರಾಣದ ಬೇಟೆಗಾರನಿಗೂ ಅದೇ, ಆಫ್ರಿಕಾದ ಕುಣಿತಕ್ಕೂ ಅದೇ, ರಾಕ್ಷಸರ ಸೈನ್ಯಕ್ಕೂ ಅದೇ, ಸಮುದ್ರದಾಚೆಯ ದ್ವೀಪದವರಿಗೂ ಅದೇ. ಹಡಗಿನಲ್ಲಿ ಬಾರದೆ ತಮ್ಮ ನೆಲದ ಮೇಲೇ ನಿಂತಿದ್ದ ಜನಕ್ಕೆಲ್ಲ ನಮ್ಮ ಅಂಗಡಿಯಲ್ಲಿ ಒಂದೇ ಲಂಗ.

ಇನ್ನೊಂದು ರೂಢಿ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳು ಅಳತೆಗೆ ಬಂದಾಗ ನಾವು ಯಾವ ಪಾತ್ರ ಎಂದು ಕೇಳುವುದು ಕಡಿಮೆ. ಮುಖ ನೋಡುತ್ತೇವೆ, ಕೈ ತಾನಾಗಿ ಹೋಗುತ್ತದೆ. ಬೆಳ್ಳಗಿನ ಮಗುವಿಗೆ ವೆಲ್ವೆಟ್, ಕಪ್ಪು ಮಗುವಿಗೆ ಸೊಪ್ಪು. "ಬಳಿಯೋ ಬಣ್ಣ ಉಳಿಯುತ್ತೆ" ಎಂದು ಅಪ್ಪ ಹೇಳಿಕೊಟ್ಟಿದ್ದ. ಮಿಸ್ಸುಗಳೂ ಹಾಗೇ ಆರಿಸಿಕೊಂಡು ಬಂದಿರುತ್ತಾರೆ. ಹಾಗಾಗಿ ಕೈ ತಪ್ಪುವುದು ಅಪರೂಪ.

ನನ್ನದು ಅಮ್ಮನ ಬಣ್ಣ, ತಂಗಿಯದು ಅಪ್ಪನ ಬಣ್ಣ. ಅವಳು ಪ್ರೈಮರಿಯಲ್ಲಿದ್ದಾಗ ಅವಳ ಶಾಲೆಯಲ್ಲೂ ಇದೇ ಹಡಗಿನ ನಾಟಕ ಆಯಿತು. ಅವಳಿಗೆ ಸೊಪ್ಪು. ಆಗ ಅಪ್ಪ ಇದ್ದಿಲ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿ ಬಣ್ಣ ಮಾಡುತ್ತಿದ್ದ. ಬಳಿಯುವ ಕೆಲಸ ನನ್ನದು. ಚೆನ್ನಾಗಿಯೇ ಬಳಿದೆ. ಮರುದಿನ ಬಚ್ಚಲಲ್ಲಿ ಅವಳು ಮೈ ಉಜ್ಜುವ ಕಲ್ಲಿನಿಂದ ಕೈ ತಿಕ್ಕಿ ತಿಕ್ಕಿ ಕೇಳಿದಳು.

"ಅಕ್ಕಾ, ಹೋಯ್ತಾ?"

"ಹೋಯ್ತು."

"ಇಲ್ಲಿ ಇನ್ನೂ ಇದೆ ನೋಡು."

"ಅದು ಬಣ್ಣ ಅಲ್ಲ ಕಣೇ. ಅದು ನೀನೇ."

ಹೊರಗೆ ಅಪ್ಪ ನಕ್ಕ, ಅಮ್ಮನೂ ನಕ್ಕಳು. ನನಗೆ ಹೆಮ್ಮೆಯಾಯಿತು. ಆ ಮಾತು ನಮ್ಮ ಮನೆಯಲ್ಲಿ ಬಹಳ ವರ್ಷ ಬದುಕಿತು. ನೆಂಟರು ಬಂದರೆ ಹೇಳುತ್ತಿದ್ದೆವು. ಅವಳನ್ನು ನೋಡಲು ಬಂದ ಗಂಡಿನ ಮನೆಯವರ ಮುಂದೆಯೂ ಅಮ್ಮ ಹೇಳಿದಳು. ತಂಗಿಯೂ ಜೊತೆಗೆ ನಗುತ್ತಿದ್ದಳು. ಅಂಗಡಿಗೆ ಬರುವುದನ್ನು ಮಾತ್ರ ಯಾವಾಗಲೋ ಬಿಟ್ಟಳು. ಓದು ಜಾಸ್ತಿ ಇರಬೇಕು ಅಂದುಕೊಂಡೆ. ಓದಿದಳು ಕೂಡ. ಜ್ಞಾನಭಾರತಿಯಲ್ಲಿ ಎಂ.ಎ. ಮಾಡಿ, ಈಗ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಮನೆ ಕೆಂಗೇರಿಯಲ್ಲಿ. ಮಗಳು ನಾಲ್ಕನೇ ಕ್ಲಾಸು, ಬಸವೇಶ್ವರನಗರದ ಒಂದು ಶಾಲೆ. ತಂಗಿಯ ಗಂಡನ ಕೆಲಸ ಆ ಕಡೆಯೇ ಆದ್ದರಿಂದ ಮಗುವನ್ನು ಅಲ್ಲೇ ಸೇರಿಸಿದ್ದಾರೆ.

ಅವರೆಕಾಯಿ ಕಾಲ. ಒಂದು ಭಾನುವಾರ ಅವಳ ಮನೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ಬೆರಳಿಂದ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಅವಳು ಸುಮ್ಮನೆ ಕೇಳಿದಳು.

"ಅಕ್ಕಾ, ನಿನ್ನ ಹಡಗಿನ ಸೆಟ್ಟಿನ ಸಾಹೇಬ ಎಲ್ಲಿಗೆ ಹೊರಟಿದ್ದ ಗೊತ್ತಾ?"

"ಅಮೆರಿಕಾಗೆ."

"ಇಲ್ಲ ಕಣಕ್ಕಾ. ನಮ್ಮ ಮನೆಗೆ."

"ಸುಮ್ನಿರೇ."

"ನಿಜವಾಗ್ಲೂ. ಭಾರತಕ್ಕೆ ಅಂತ ಹೊರಟ. ಸಿಕ್ಕಿದ್ದು ಬೇರೆ ದ್ವೀಪ. ಅದನ್ನೇ ಭಾರತ ಅಂದ, ಅಲ್ಲಿದ್ದೋರನ್ನ ಇಂಡಿಯನ್ಸ್ ಅಂದ. ಅಲ್ಲ ಅಂತ ಕೊನೇವರೆಗೂ ಒಪ್ಪಲಿಲ್ಲ."

"ನಮ್ಮ ಆಟೋದವರ ಥರ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. ಆ ದ್ವೀಪದವರು ಈಜಿಕೊಂಡು, ದೋಣಿ ಹುಟ್ಟು ಹಾಕಿಕೊಂಡು ಹಡಗಿನ ಹತ್ತಿರ ಬಂದರಂತೆ. ಕೈಯಲ್ಲಿ ಗಿಳಿ ಮತ್ತು ಹತ್ತಿಯ ನೂಲಿನ ಉಂಡೆ.

"ನೂಲು?" ಎಂದೆ.

"ಹೂಂ ಅಕ್ಕಾ. ಅವರೇ ಬೆಳೆದ ಹತ್ತಿ, ಅವರೇ ತೆಗೆದ ನೂಲು. ಬದಲಿಗೆ ಇವರು ಕೊಟ್ಟಿದ್ದು ನಿನ್ನ ಡಬ್ಬೀಲಿದೆಯಲ್ಲ, ಗಾಜಿನ ಮಣಿ, ಗೆಜ್ಜೆ, ಅದು. ಹೋಗ್ತಾ ಒಂದಷ್ಟು ಜನರನ್ನ ಹಿಡ್ಕೊಂಡೇ ಹೋದ್ರು. ಆಮೇಲೆ ಬಂದೋರು ಚಿನ್ನ ತಂದ್ಕೊಡಿ ಅಂದ್ರು. ಇಲ್ಲ ಅಂದೋರ ಕೈ ಕಡಿದ್ರಂತೆ. ಉಳಿದೋರು ಗಣಿ ತೋಡಿ ತೋಡಿ ಸತ್ರು. ಸಿಡುಬು ಬೇರೆ, ಹಡಗಲ್ಲೇ ಬಂತು."

"ಸಿಡುಬು ಅಲ್ಲಿ ಇರಲಿಲ್ವಾ?"

"ಹೆಸರು ಕೂಡ ಗೊತ್ತಿರಲಿಲ್ಲ."

ನಮ್ಮಲ್ಲಿ ಸಿಡುಬಿನ ಅಮ್ಮ ಆಡಿದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದಾದರೂ ಗೊತ್ತು, ಮೊಸರನ್ನದ ಎಡೆ ಇಡುವುದಾದರೂ ಗೊತ್ತು. ಹೆಸರೇ ಇಲ್ಲದ ಕಾಯಿಲೆಯಲ್ಲಿ ಮಗು ಮಲಗಿದರೆ ತಾಯಿ ಯಾರಿಗೆ ಹರಕೆ ಹೊರಬೇಕು? ಇದೆಲ್ಲ ಆಮೇಲೆ ಯೋಚಿಸಿದ್ದು. ಆ ಹೊತ್ತಿನಲ್ಲಿ ನಾನು ನೂಲಿನ ಉಂಡೆಯಲ್ಲೇ ನಿಂತುಬಿಟ್ಟಿದ್ದೆ. ಹೊಲಿಯುವವಳು ನಾನು. ಕೈಯಿಂದ ಒಂದು ಉಂಡೆ ನೂಲು ತೆಗೆಯಬೇಕಾದರೆ ಎಷ್ಟು ಹೊತ್ತು ಕೂರಬೇಕು ಎಂದು ನನಗೆ ಅಂದಾಜಿದೆ. ಅಂಥವರ ಸೊಂಟಕ್ಕೆ ನಾನು ಇಷ್ಟು ವರ್ಷ ಪ್ಲಾಸ್ಟಿಕ್ ಸೊಪ್ಪು ಕಟ್ಟಿದ್ದೆ.

"ಅವನಿಗೆ ದಾರಿ ಸರಿಯಾಗಿ ಸಿಕ್ಕಿದ್ರೆ ಆ ಸೊಪ್ಪು ನಮ್ಮ ಸೊಂಟದಲ್ಲಿ ಇರ್ತಿತ್ತು" ಎಂದಳು ತಂಗಿ. ಆಮೇಲೆ ವಿಷಯಕ್ಕೆ ಬಂದಳು. ಮಗಳ ಶಾಲೆಯಲ್ಲಿ ಈ ವರ್ಷ ಹಡಗಿನ ನಾಟಕ. ಮಗಳಿಗೆ ಕಾಡುಜನರ ನಾಯಕಿಯ ಪಾತ್ರ. ಬಟ್ಟೆ ನಮ್ಮ ಅಂಗಡಿಯಿಂದ.

"ಪಾತ್ರ ಮಾಡ್ಲಿ, ಬೇಜಾರಿಲ್ಲ. ಸೊಪ್ಪಿನ ಸೆಟ್ ಬೇಡ ಅಂತ ಮಿಸ್ಸಿಗೆ ನೀನು ಹೇಳು. ಕಪ್ಪು ಬಳಿಯೋದು ಬೇಡ ಅನ್ನು. ಬಿಳಿ ಕಾಟನ್ ಬಟ್ಟೆ ಏನಾದ್ರೂ ಸುತ್ತಿಬಿಡು. ನಾನು ಹೇಳಿದ್ರೆ ಈ ಪೇರೆಂಟದ್ದು ಯಾವಾಗ್ಲೂ ಒಂದು ಇರುತ್ತೆ ಅಂತಾರೆ. ಅಂಗಡಿಯೋರು ಹೇಳಿದ್ರೆ ಕೇಳ್ತಾರೆ."

"ಅಷ್ಟೇ ತಾನೆ? ಹೇಳ್ತೀನಿ ಬಿಡು."

"ಮರೀಬೇಡ ಅಕ್ಕಾ."

"ನನ್ನ ಅಂಗಡೀಲಿ ನಾನು ಹೇಳಿದ್ದೇ ಕಾನೂನು ಕಣೇ."

ಮಗು ಒಳಗಿಂದ ಓಡಿ ಬಂದು, "ದೊಡ್ಡಮ್ಮ, ನನಗೆ ನಿಜವಾದ ಕನ್ನಡಿ ಕೊಡ್ತೀಯಾ ಪ್ಲಾಸ್ಟಿಕ್ಕಾ?" ಎಂದು ಕೇಳಿತು. "ನಿಜವಾದ್ದೇ" ಎಂದೆ. ತಂಗಿ ನನ್ನ ಮುಖ ನೋಡಿದಳು. ಅಂಗಡಿಯಿಂದ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಿಸ್ ಬಂದರು. ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನೂ ಕರೆತಂದಿದ್ದರು. ಮಕ್ಕಳು ಮೆಟ್ಟಿಲ ಮೇಲೆ ಸಾಲು ನಿಂತವು. ಮಿಸ್ ಕೆಟ್ಟವರಲ್ಲ. ಬಂದ ತಕ್ಷಣ ನನ್ನ ಮೊಣಕಾಲು ನೋವು ವಿಚಾರಿಸಿದರು. ಟೀ ಕುಡಿಯುತ್ತ, "ಆಂಟಿ, ಈ ಸಲ ಎಲ್ಲಾ ಕ್ಲಾಸಿಂದೂ ನಿಮ್ಮ ಹತ್ರಾನೇ ತಗೊಳ್ಳೋಣ ಅಂತ ಪ್ರಿನ್ಸಿಪಾಲಿಗೆ ನಾನೇ ಹೇಳಿದೀನಿ" ಎಂದರು.

ನಾನು ಕೈಯಲ್ಲಿದ್ದ ಟೇಪು ಸುತ್ತಿದೆ, ಬಿಚ್ಚಿದೆ. "ಮೇಡಂ, ಈ ಸೊಪ್ಪಿನ ಸೆಟ್ಟು..." ಎಂದೆ.

"ಹರಿದಿದೆಯಾ?"

"ಇಲ್ಲ ಮೇಡಂ. ಗಟ್ಟಿಯಾಗಿದೆ."

ಅಷ್ಟೇ ನಾನು ಹೇಳಿದ್ದು. ಮನಸ್ಸಿನಲ್ಲಿ ಇದ್ದದ್ದು ಒಂದು, ಬಾಯಿಂದ ಬಂದದ್ದು ಮೂವತ್ತು ವರ್ಷದ ಅಭ್ಯಾಸ. ಇನ್ನೂ ಹೊತ್ತಿದೆ, ಮಕ್ಕಳ ಅಳತೆ ಮುಗಿದ ಮೇಲೆ ಹೇಳೋಣ ಎಂದು ಅಳತೆ ಶುರು ಮಾಡಿದೆ. ಒಂದೊಂದೇ ಮಗು ಮುಂದೆ ಬರುತ್ತಿತ್ತು. ಹುಡುಗನೊಬ್ಬ ಬಂದ, ವೆಲ್ವೆಟ್ ಎತ್ತಿಕೊಟ್ಟೆ. ಅವನ ಹಿಂದೆ ಒಂದು ಹುಡುಗಿ. ನಾನು ಮುಖ ನೋಡಿದೆ, ಕೈ ಹೋಯಿತು. ಕೈ ಸೊಪ್ಪಿನ ಕವರಿನ ಮೇಲೆ ಕೂತ ಮೇಲೆ ಗೊತ್ತಾಯಿತು, ಅದು ನನ್ನ ತಂಗಿಯ ಮಗಳು.

"ನೋಡಿ, ಆಂಟಿಗೆ ಹೇಳೋದೇ ಬೇಡ, ಕರೆಕ್ಟಾಗಿ ತೆಗೀತಾರೆ" ಎಂದರು ಮಿಸ್. ಮಗುವಿನ ಕೆನ್ನೆ ತಟ್ಟಿ, "ಇವಳಿಗೆ ಬಣ್ಣ ಕಮ್ಮಿ ಸಾಕು ಅಲ್ವಾ ಆಂಟಿ? ಅರ್ಧ ದೇವರೇ ಬಳಿದು ಕಳಿಸಿದಾನೆ" ಎಂದರು.

ಮಕ್ಕಳು ನಕ್ಕವು. ನಾನೂ ನಕ್ಕೆ. ಸುಮ್ಮನೆ ಹಲ್ಲು ಬಿಟ್ಟದ್ದಲ್ಲ, ಸದ್ದು ಮಾಡಿ ನಕ್ಕೆ. ಇವಳು ನನ್ನ ತಂಗಿಯ ಮಗಳು ಎಂದು ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಹೇಳಿದರೆ ಮಿಸ್ಸಿಗೆ ಮುಜುಗರವಾದೀತು ಎಂದು ಸುಮ್ಮನಾದೆ. ಅವರ ಮುಜುಗರ ನನಗೆ ಅಷ್ಟು ದೊಡ್ಡದಾಗಿ ಕಂಡಿತು.

ಮಗು ನನ್ನನ್ನು ಒಂದು ಸಲ ನೋಡಿತು. ಲಂಗವನ್ನು ಸೊಂಟದ ಹತ್ತಿರ ಹಿಡಿದು, "ಲೂಸಾಗಿದೆ ಆಂಟಿ" ಎಂದಿತು.

ದೊಡ್ಡಮ್ಮ ಎನ್ನಲಿಲ್ಲ. ನಾನು ಅವಳನ್ನು ಗುರುತಿಸದ ಹಾಗೆ ಇದ್ದೆ, ಅವಳೂ ನನ್ನನ್ನು ಗುರುತಿಸದ ಹಾಗೆ ಇದ್ದಳು. ಪಿನ್ನು ಹಾಕಿ ಬಿಗಿ ಮಾಡಿದೆ. ಬೆರಳಿಗೆ ಚುಚ್ಚಿಕೊಂಡೆ.

ಸಂಜೆ ತಂಗಿಯ ಫೋನು. "ಹೇಳಿದ್ಯಾ ಅಕ್ಕಾ?"

"ಹೇಳ್ದೆ ಹೇಳ್ದೆ. ನೋಡ್ತೀವಿ ಅಂದ್ರು."

ಮಗು ಮನೆಯಲ್ಲಿ ಏನೂ ಹೇಳಿರಲಿಲ್ಲ. ನನ್ನ ಮಾನ ಕಾಯ್ದದ್ದು ಅವಳು.

ವಾರ್ಷಿಕೋತ್ಸವದ ದಿನ ವೇಷ ತೊಡಿಸಲು ಅಂಗಡಿಯವರೇ ಹೋಗಬೇಕು, ಅದು ಬಾಡಿಗೆಯಲ್ಲೇ ಸೇರಿದ್ದು. ಕ್ಲಾಸ್ ರೂಮಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಮೇಕಪ್ಪಿಗೆ ಜಾಗ ಮಾಡಿದ್ದರು. ನಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತಲೇ ಇದ್ದೆ. ಇದ್ದ ಮಕ್ಕಳಿಗೆಲ್ಲ ಬಣ್ಣ ಹಚ್ಚಿ, ಬಾವುಟಕ್ಕೆ ಇನ್ನೊಂದು ಗಂಟು ಹಾಕಿ, ಯಾರದೋ ಶೂ ಲೇಸು ಕಟ್ಟಿ, ತಂಗಿಯ ಮಗಳನ್ನು ಕೊನೆಗೆ ಉಳಿಸಿಕೊಂಡೆ. ಬಾಗಿಲಲ್ಲಿ ಮಿಸ್, "ಆಂಟಿ, ಬೇಗ ಬೇಗ" ಎನ್ನುತ್ತಿದ್ದರು.

"ಕಣ್ಣು ಮುಚ್ಕೋ ಪುಟ್ಟಿ" ಎಂದೆ.

"ಅಮ್ಮ ಬೇಡ ಅಂದಿದ್ಲಲ್ಲ?" ಎಂದಿತು ಮೆಲ್ಲಗೆ.

"ಮಿಸ್ ಹೇಳಿದಾರೆ. ಸ್ವಲ್ಪ ಹೊತ್ತು ಅಷ್ಟೇ."

ಅವಳು ಕಣ್ಣು ಮುಚ್ಚಿಕೊಂಡಳು. ಹಣೆಯಿಂದ ಶುರು ಮಾಡಿದೆ. ಈಗಿನ ಬಣ್ಣ ನುಣುಪು, ಇದ್ದಿಲಿನ ಹಾಗೆ ಉರಿಯುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ನಾಟಕವನ್ನು ಪರದೆಯ ಸಂದಿಯಿಂದ ನೋಡಿದೆ. ಥರ್ಮಾಕೋಲಿನ ಹಡಗು ಕುರ್ಚಿಯ ಚಕ್ರದ ಮೇಲೆ ಉರುಳಿಕೊಂಡು ಬಂತು. ವೆಲ್ವೆಟ್ಟಿನ ಹುಡುಗ ಇಳಿದು ಬಾವುಟ ನೆಟ್ಟ. ಸೊಪ್ಪಿನ ಮಕ್ಕಳು ಮಂಡಿಯೂರಿದವು. ಅವನು ಕನ್ನಡಿ ಕೊಟ್ಟ. ಅವಳು ಅದರಲ್ಲಿ ತನ್ನ ಮುಖ ಕಂಡು ಬೆಚ್ಚಿ ಹಿಂದಕ್ಕೆ ಬೀಳಬೇಕು. ಬಿದ್ದಳು. ಚಪ್ಪಾಳೆ, ಶಿಳ್ಳೆ. ಶಾಮಿಯಾನದ ಕೆಳಗೆ ತಂಗಿಯನ್ನು ಹುಡುಕಿದೆ. ಎಲ್ಲರ ಮುಖದ ಮುಂದೆಯೂ ಮೊಬೈಲು. ಯಾರು ಯಾರೆಂದು ತಿಳಿಯಲಿಲ್ಲ.

ಮುಗಿದ ಮೇಲೆ ಪುಟ್ಟಿ ರೂಮಿಗೆ ಬಂದಳು. ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಟ್ಟು ಕಾಯುತ್ತಿದ್ದೆ. ಮುಖಕ್ಕೆ ಕೈ ಇಡಲು ಹೋದೆ. ಹತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ನಾನೇ ಒರೆಸ್ಕೋತೀನಿ" ಎಂದಳು. ನಾಟಕದ ಅದೇ ಕನ್ನಡಿಯನ್ನು ಬೆಂಚಿನ ಮೇಲೆ ಒರಗಿಸಿ ಒರೆಸಿಕೊಳ್ಳತೊಡಗಿದಳು. ಹತ್ತಿ ಕಪ್ಪಾದಂತೆ ಇನ್ನೊಂದು ತೆಗೆದುಕೊಳ್ಳುತ್ತಿದ್ದಳು. ಬಾಗಿಲಲ್ಲಿ ತಂಗಿ ಬಂದು ನಿಂತಿದ್ದಳು.

"ಅಮ್ಮಾ, ಇನ್ನೂ ಇದೆಯಾ?"

ತಂಗಿ ಮಕ್ಕಳ ಆ ಚಿಕ್ಕ ಬೆಂಚಿನ ಮೇಲೆ ಕೂತಳು. ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಿವಿಯ ಹಿಂದೆ ದುಪಟ್ಟಾದ ಅಂಚಿನಿಂದ ಒರೆಸಿದಳು.

"ಬಣ್ಣ ಎಲ್ಲಾ ಹೋಯ್ತು. ಈಗಿರೋದು ನಿನ್ನದೇ. ಚೆನ್ನಾಗಿದೆ."

ನನ್ನ ಕಡೆ ನೋಡಲಿಲ್ಲ. ಆ ಉತ್ತರ ಅವಳಿಗೆ ಆಗ ಹೊಳೆದದ್ದಲ್ಲ, ಬಚ್ಚಲಿನ ಆ ದಿನದಿಂದ ಇಟ್ಟುಕೊಂಡದ್ದು. ಹೋಗುವಾಗ ಮಾತ್ರ, "ಹೇಳ್ದೆ ಅಂದಿದ್ದೆ" ಎಂದಳು.

"ಮಿಸ್ಸು..." ಎಂದೆ.

"ಬರ್ತೀವಿ ಅಕ್ಕಾ."

ಆಮೇಲೆ ಫೋನಿಲ್ಲ. ನಾನು ಮಾಡಿದರೆ ಎತ್ತುತ್ತಾಳೆ, ಕ್ಲಾಸಿದೆ ಎನ್ನುತ್ತಾಳೆ. ಸಂಕ್ರಾಂತಿಗೆ ಎಳ್ಳು ಬೀರಲು ಬರಲಿಲ್ಲ. ಸೊಪ್ಪಿನ ಸೆಟ್ಟನ್ನು ಅಟ್ಟಕ್ಕೆ ಹಾಕಿದೆ. ಇಳಿಸಿದೆ. ಎಸೆಯಲು ಕೆಳಗೆ ಒಯ್ದು, ಬೇಕರಿಯವನು ನೋಡುತ್ತಾನೆಂದು ಮತ್ತೆ ಮೇಲೆ ತಂದೆ. ಕೋರಾ ಬಟ್ಟೆ ತಂದು, ಮಿಷನ್ನಿನ ಮುಂದೆ ಕೂರಲಾಗದೆ ಕೈಹೊಲಿಗೆಯಲ್ಲೇ ಹೊಸದೊಂದು ಸೆಟ್ ಹೊಲಿದೆ. ಬಿಳಿ ಹತ್ತಿಯ ಬಟ್ಟೆ, ಸೊಂಟಕ್ಕೆ ನೇಯ್ದ ಪಟ್ಟಿ. ಆ ದ್ವೀಪದವರು ಹೀಗೇ ಉಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ತಂಗಿಗೆ ಗೊತ್ತಿರುತ್ತದೆ, ಕೇಳಬೇಕು. ಅವಳನ್ನು ಮಾತಾಡಿಸಲು ನೆಪ ಸಿಕ್ಕಿತು ಎಂದು ಅದನ್ನು ಕವರಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ.

ಸೀಟಿದ್ದರೂ ಕೂರಲಿಲ್ಲ. ಕಂಬ ಹಿಡಿದು ನಿಂತಿದ್ದೆ. ಅತ್ತಿಗುಪ್ಪೆ ದಾಟಿತು, ಮೈಸೂರು ರಸ್ತೆ ದಾಟಿತು, ನಾಯಂಡಹಳ್ಳಿಯಲ್ಲಿ ಬಾಗಿಲು ತೆರೆದಾಗ ಮೋರಿ ನೀರಿನ ವಾಸನೆ ಒಳಗೆ ಬಂತು. ಬಟ್ಟೆ ಕೊಟ್ಟರೆ ಅವಳು ಬಿಚ್ಚಿ ನೋಡುತ್ತಾಳೆ, ಹೊಲಿಗೆ ಚೆನ್ನಾಗಿದೆ ಅನ್ನುತ್ತಾಳೆ, ಕಾಫಿ ಕೊಡುತ್ತಾಳೆ. ಎಲ್ಲ ಸರಿಹೋದ ಹಾಗೆ ಆಗುತ್ತದೆ. ನಾನು ಹೇಳಬೇಕಾದ್ದನ್ನು ಹೇಳದೆಯೇ ವಾಪಸ್ ಬರಬಹುದು. ಜ್ಞಾನಭಾರತಿ ಸ್ಟೇಷನ್ನಿನ ಹತ್ತಿರ ಇದು ಹೊಳೆದು ನನಗೆ ಕವರು ಭಾರವಾಯಿತು. ಹಡಗಿನವನೂ ಇದನ್ನೇ ಮಾಡಿದ್ದ. ಕೈಗೆ ಏನಾದರೂ ಹೊಳೆಯುವುದನ್ನು ಇಟ್ಟುಬಿಟ್ಟರೆ ಎದುರಿನವರು ಬಾಯಿ ತೆರೆಯುವುದಿಲ್ಲ.

ಅವಳೇ ಬಾಗಿಲು ತೆಗೆದಳು. "ಏನಕ್ಕಾ, ಫೋನೂ ಮಾಡ್ದೆ?" ಎಂದಳು. ಒಳಗೆ ಮಗು ಹೋಂವರ್ಕ್ ಮಾಡುತ್ತಿತ್ತು. ಕವರನ್ನು ಚಪ್ಪಲಿಯ ಪಕ್ಕ ಹೊರಗೇ ಬಿಟ್ಟೆ.

"ಕೂತ್ಕೋ, ಕಾಫಿ ಇಡ್ತೀನಿ."

"ಕಾಫಿ ಬೇಡ. ನೀನು ಕೂತ್ಕೋ. ಪುಟ್ಟಿ, ನೀನೂ ಬಾ."

ಇಬ್ಬರೂ ದಿವಾನಿನ ಮೇಲೆ ಕೂತರು. ನನ್ನ ಕೈಗೆ ಹಿಡಿಯಲು ಟೇಪಿರಲಿಲ್ಲ, ಹತ್ತಿ ಇರಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ನಿಂತೇ ಹೇಳಿದೆ.

"ಮಿಸ್ಸಿಗೆ ನಾನು ಹೇಳಲೇ ಇಲ್ಲ ಕಣೇ. ಹೇಳ್ದೆ ಅಂತ ನಿನಗೆ ಸುಳ್ಳು ಹೇಳಿದೆ. ಪುಟ್ಟಿ, ಅವರು ನಿನ್ನ ನೋಡಿ ನಕ್ಕಾಗ ನಾನೂ ನಕ್ಕೆ. ನೀನು ನನ್ನ ಮಗಳು ಅಂತ ಹೇಳಲಿಲ್ಲ. ಬಳಿದಿದ್ದೂ ನಾನೇ. ನಿನ್ನ ಅಮ್ಮನಿಗೂ ನಾನೇ ಬಳಿದಿದ್ದು. ಬಚ್ಚಲಲ್ಲಿ ಹೋಯ್ತಾ ಅಂತ ಅವಳು ಕೇಳಿದಾಗ ಹೋಯ್ತು, ಚೆನ್ನಾಗಿದೀಯ ಅನ್ನಬೇಕಿತ್ತು, ನಾನು ನಗಿಸೋಕೆ ಹೋದೆ. ತಪ್ಪಾಯ್ತು ಕಣೇ. ಆವತ್ತಿಂದೂ ತಪ್ಪಾಯ್ತು, ಈಗಿಂದೂ ತಪ್ಪಾಯ್ತು."